ರೇಡಿಯೊ ಬಾಯಿ ಮುಚ್ಚಿದ ದಿನ

ರೇಡಿಯೊನ ಬಾಯಿಗೆ ಬೀಗ ಬಿದ್ದದ್ದು ಒಂದು ಪ್ಲಾಸ್ಟಿಕ್ ಬಾತುಕೋಳಿಯ ದೆಸೆಯಿಂದ.

ರೇಡಿಯೊ ಎಂಬುದು ಸಹಪಾಠಿಗಳು ಇಟ್ಟ ಹೆಸರು. ಮೂವತ್ತೈದು ದಾಟಿದ ಮೇಲೆ ಮಿಕ್ಸಿ ಅಂಗಡಿಯ ಸೇಲ್ಸ್‌ಮನ್ ಕೆಲಸ ಬಿಟ್ಟು, ವಿಶೇಷ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಾಗಬೇಕೆಂದು ಕಾಲೇಜು ಸೇರಿದ ಆಸಾಮಿ ಅವನು. ಅಕ್ಕನ ಮಗಳಿಗೆ ಆರು ವರ್ಷವಾದರೂ ಮಾತು ಬಂದಿರಲಿಲ್ಲ. ಮಾತು ಬಾರದ ಮಕ್ಕಳಿಗೆ ಮಾತು ಬಲ್ಲ ಮೇಷ್ಟ್ರು ಬೇಕು ಎಂಬುದು ಅವನ ಲೆಕ್ಕಾಚಾರ. ಮಾತೊಂದನ್ನು ಬಿಟ್ಟರೆ ಅವನ ಹತ್ತಿರ ಬೇರೆ ಆಸ್ತಿಯೂ ಇರಲಿಲ್ಲ.

ಮಾದರಿ ಪಾಠದ ದಿನ ಅವನು ಬಾತುಕೋಳಿಯನ್ನು ಎತ್ತಿ ಹಿಡಿದು, "ಇದೇನು ಪುಟ್ಟಿ?" ಎಂದು ಕೇಳಿದ. ಮಗು ತುಟಿ ಅಲುಗಿಸುವಷ್ಟರಲ್ಲಿ "ಬಾತುಕೋಳಿ! ಶಭಾಷ್!" ಎಂದ. ಬಣ್ಣ ಕೇಳಿದ, ತಾನೇ ಹೇಳಿದ. ಕಾಲೆಷ್ಟು ಎಂದ, ತಾನೇ ಎಣಿಸಿದ. ಹಿಂದೆ ಕೂತಿದ್ದ ಮೇಡಂ ಪುಸ್ತಕದಲ್ಲಿ ಗೀಟು ಹಾಕುತ್ತಲೇ ಇದ್ದರು.

"ಇಪ್ಪತ್ತಮೂರು ಪ್ರಶ್ನೆ ಕೇಳಿದ್ರಿ, ಇಪ್ಪತ್ತಮೂರಕ್ಕೂ ನೀವೇ ಉತ್ತರ ಹೇಳಿದ್ರಿ" ಎಂದರು ಮೇಡಂ. "ಮಗುಗೆ ಹಾಜರಾತಿ ಬಿಟ್ರೆ ಬೇರೇನೂ ಸಿಗ್ಲಿಲ್ಲ."

ಅದರ ಫಲವೇ ಈ ಮರುಪರೀಕ್ಷೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಾಯಿಂದ ಒಂದು ಮಾತೂ ಹೊರಡಬಾರದು, ಬರೆದು ತೋರಿಸಬಾರದು. ಮಾತು ಬಾರದ ಮಕ್ಕಳು ಬಳಸುವ ಹಾಗೆ ಬರೀ ಚಿತ್ರದ ಕಾರ್ಡು ತೋರಿಸಿ ಹಣ್ಣಿನಂಗಡಿ, ದರ್ಜಿ, ಕ್ಷೌರಿಕ ಮೂವರ ಹತ್ತಿರವೂ ಕೆಲಸ ಮಾಡಿಸಿಕೊಳ್ಳಬೇಕು. ನಾಲ್ಕನೆಯದಾಗಿ ಪರಿಚಯದವರೊಬ್ಬರ ಜೊತೆ ಮಾತುಕತೆ. ಪಾಸಾದರೆ ಮುಂದಿನ ವಾರದಿಂದ ಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅವಕಾಶ, ಅದೂ ಅಕ್ಕನ ಮಗಳು ಓದುವ ಶಾಲೆಯಲ್ಲಿ. ಫೇಲಾದರೆ ಇನ್ನೊಂದು ವರ್ಷ ಅದೇ ಬೆಂಚು.

ಮೇಡಂ ಅವನ ಕೈಗೆ ನಾಲ್ಕು ಲಕೋಟೆಗಳನ್ನೂ ಕೊಟ್ಟರು. ಪ್ರತಿ ಕೆಲಸ ಮುಗಿದ ಮೇಲೆ ಆಯಾ ವ್ಯಕ್ತಿಗೆ ಒಂದನ್ನು ಕೊಟ್ಟು, ಅವರು ಬರೆದು ಅಂಟಿಸಿದ ಮೇಲೆ ವಾಪಸ್ ತರಬೇಕು. ಒಳಗಿನ ಚೀಟಿಯಲ್ಲಿ ಏನಿದೆ ಎಂದೂ ವಿವರಿಸಿದರು. ಆಗ ರೇಡಿಯೊ ಪಕ್ಕದವನಿಗೆ ಮಿಕ್ಸಿ ಬ್ಲೇಡಿನ ಬಗ್ಗೆ ಹೇಳುತ್ತಿದ್ದ. ಹಾಗಾಗಿ ಒಳಗಿರುವುದು ಸಹಿ ಹಾಕುವ ಕಾಗದ ಎಂದುಕೊಂಡ.

ರಾತ್ರಿಯೆಲ್ಲ ಕೂತು ನಲವತ್ತೆರಡು ಕಾರ್ಡು ಬರೆದು ರಿಂಗಿಗೆ ಪೋಣಿಸಿದ್ದ. ಎಲ್ಲಕ್ಕಿಂತ ದೊಡ್ಡದು 'ಹೌದು' ಕಾರ್ಡು, ಎದ್ದು ನಿಂತ ಹೆಬ್ಬೆರಳಿನ ಚಿತ್ರ. ಗಿರಾಕಿ ಏನೇ ಕೇಳಲಿ, ಮೊದಲು ಹೌದು ಅನ್ನಬೇಕು ಎಂದು ಮಿಕ್ಸಿ ಅಂಗಡಿಯ ಯಜಮಾನರು ಹತ್ತು ವರ್ಷ ಕಿವಿ ಹಿಂಡಿ ಕಲಿಸಿದ್ದರು.

ಹತ್ತು ಗಂಟೆಗೆ ಮನೆಯಿಂದ ಹೊರಬಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು, "ಇವತ್ತೊಂದು ದಿನ ದಯವಿಟ್ಟು ಸುಮ್ನಿರಿ. ನಿಮ್ಮ ಕೈಲಿ ಆಗತ್ತೆ" ಎಂದಳು. ಅವಳ ಮುಖದಲ್ಲಿ ಆ ನಂಬಿಕೆ ಎಳ್ಳಷ್ಟೂ ಕಾಣಲಿಲ್ಲ. ಅವನ ಕೊರಳಲ್ಲಿ 'ಪ್ರಾಯೋಗಿಕ ಪರೀಕ್ಷೆ, ಇವರು ಮಾತಾಡುವುದಿಲ್ಲ' ಎಂಬ ಕಾಲೇಜಿನ ಪಟ್ಟಿ ತೂಗಾಡುತ್ತಿತ್ತು.

ಹಣ್ಣಿನಂಗಡಿಯಾಕೆ ಪಟ್ಟಿ ಓದಿ ನಕ್ಕಳು. ರೇಡಿಯೊ ಬಾಳೆಹಣ್ಣಿನ ಕಾರ್ಡು ತೋರಿಸಿದ. ಆಕೆ ಕಣ್ಣು ಕಿರಿದು ಮಾಡಿ, "ಇದು ದೋಣಿ ಅಲ್ವಾ?" ಎಂದು ಯೋಚಿಸುವಷ್ಟರಲ್ಲಿ 'ಎರಡು' ತೋರಿಸಿದ, ಚೀಲದ ಕಾರ್ಡು ತೋರಿಸಿದ, ಗಡಿಯಾರದ ಕಾರ್ಡು ತೋರಿಸಿ ಬೇಗ ಎಂಬಂತೆ ಕುಣಿಸಿದ.

"ಬಾಳೆಹಣ್ಣಾ? ಎರಡು ಹಣ್ಣು ಸಾಕಾ, ಇಲ್ಲ ಎರಡು ಡಜ..."

ರೇಡಿಯೊ ಹೆಬ್ಬೆರಳಿನ ಕಾರ್ಡು ಎತ್ತಿದ. ಇಪ್ಪತ್ತನಾಲ್ಕು ಹಣ್ಣು ಚೀಲಕ್ಕೆ ಬಿದ್ದವು. ಬೇಡ ಎನ್ನಲು ಕಾರ್ಡು ಹುಡುಕಿದ, ಆನೆ ಸಿಕ್ಕಿತು, ಬಕೆಟ್ಟು ಸಿಕ್ಕಿತು. ಅಷ್ಟರಲ್ಲಿ ಆಕೆ ಲಕೋಟೆಯ ಚೀಟಿ ಓದಿ, ಅವನನ್ನು ಮೇಲಿಂದ ಕೆಳಗೆ ನೋಡಿ, ಏನೋ ಬರೆದು ಅಂಟಿಸಿಕೊಟ್ಟಳು. ಸಹಿಗೆ ಇಷ್ಟು ಹೊತ್ತೇಕೆ ಎಂದು ಅವನಿಗೆ ತಿಳಿಯಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ದರ್ಜಿಯ ಅಂಗಡಿಯಲ್ಲಿ ಕೆಲಸ ಸಣ್ಣದು. ಹಾಕಿಕೊಂಡಿದ್ದ ಪ್ಯಾಂಟೇ ಎರಡು ಬೆರಳು ಉದ್ದವಾಗಿ ಹಿಮ್ಮಡಿಗೆ ಸಿಕ್ಕುತ್ತಿತ್ತು. ಪರದೆಯ ಹಿಂದೆ ಟವೆಲ್ ಸುತ್ತಿಕೊಂಡು ನಿಂತು, ಪ್ಯಾಂಟನ್ನು ಹೊರಗೆ ಎಸೆದು, ಪರದೆಯ ಮೇಲಿಂದ ಕೈ ಚಾಚಿ ಒಂದರ ಹಿಂದೊಂದು ಕಾರ್ಡು ತೋರಿಸಿದ. ಪ್ಯಾಂಟು, ಕತ್ತರಿ, ಮತ್ತೆ ಅದೇ ಗಡಿಯಾರ.

"ಸ್ವಾಮಿ, ನಿಧಾನ. ಎಷ್ಟು ಕತ್ತರಿಸ್ಲಿ? ಎರಡು ಬೆರಳಾ, ಇಲ್ಲ ಮೊಣಕಾಲಿನವರೆ..."

ಪರದೆಯ ಮೇಲೆ ಹೆಬ್ಬೆರಳು ಎದ್ದಿತು. ಕತ್ತರಿಯ ಸದ್ದು ಯಾಕೋ ಬಹಳ ಹೊತ್ತು ಕೇಳಿಸಿತು. ಪ್ಯಾಂಟು ವಾಪಸ್ ಬಂದಾಗ ಅದು ಪ್ಯಾಂಟಾಗಿ ಉಳಿದಿರಲಿಲ್ಲ. ರೇಡಿಯೊ ಬಾಯಿ ತೆರೆದ, ಇನ್ನೊಂದು ವರ್ಷದ ಬೆಂಚು ನೆನಪಾಯಿತು, ಮುಚ್ಚಿದ. ದರ್ಜಿ ಚೀಟಿ ಓದಿ ಜೋರಾಗಿ ನಕ್ಕು, ಪೆನ್ಸಿಲ್ ಒದ್ದೆ ಮಾಡಿಕೊಂಡು ಉದ್ದಕ್ಕೆ ಬರೆದ.

ಬೀದಿಯಲ್ಲಿ ಬರಿಯ ಮೊಣಕಾಲು ಕಂಡು ನಗುವವರ ನಡುವೆ ರೇಡಿಯೊ ತಲೆ ತಗ್ಗಿಸಿ ಕ್ಷೌರದಂಗಡಿ ಸೇರಿದ. ಇಲ್ಲಿಯಾದರೂ ಎಡವಟ್ಟಾಗಬಾರದೆಂದು ಕುರ್ಚಿಯಲ್ಲಿ ಕೂತ ಕೂಡಲೇ ಹೆಬ್ಬೆರಳಿನ ಕಾರ್ಡನ್ನು ಮುಂಚಿತವಾಗಿಯೇ ಹಿಡಿದುಕೊಂಡ. ಕ್ಷೌರಿಕ, "ಬಿಸಿಲು ಜಾಸ್ತಿ ಇದೆ, ಪೂರ್ತಿ ತೆಗೆದುಬಿಡ್ಲಾ? ಅಥ್ವಾ ಸುಮ್ನೆ ಕಿವಿ ಸುತ್ತ..." ಎಂದು ಕನ್ನಡಿ ನೋಡಿದ. ಕನ್ನಡಿಯಲ್ಲಿ ಹೆಬ್ಬೆರಳು ಕಂಡಿತು. ಮಿಷನ್ನು ನಡುನೆತ್ತಿಯಲ್ಲಿ ದಾರಿ ಮಾಡಿದಾಗ ರೇಡಿಯೊ ಗಾಬರಿಯಾಗಿ ಕೈ ಬೀಸಿದ. ರಿಂಗು ಹಾರಿ ಬಿಸಿನೀರಿನ ಬಕೆಟ್ಟಿಗೆ ಬಿತ್ತು. ಸ್ಕೆಚ್ ಪೆನ್ನಿನ ಬಣ್ಣ ಕರಗಿ ಬಾಳೆಹಣ್ಣು, ಕತ್ತರಿ, ಆನೆ ಎಲ್ಲ ಒಂದೇ ನೀಲಿಯಾದವು. ಅರ್ಧ ದಾರಿ ಮಾಡಿದ ಮೇಲೆ ನಿಲ್ಲಿಸುವ ಹಾಗಿಲ್ಲ ಎಂದು ಕ್ಷೌರಿಕ ಉಳಿದ ಕೂದಲನ್ನೂ ತೆಗೆದ. ಅವನೂ ಚೀಟಿ ಓದಿದ, ಅವನೂ ನಕ್ಕ. ರೇಡಿಯೊ ಒದ್ದೆ ರಿಂಗನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಎಲ್ಲರೂ ಏಕೆ ನಗುತ್ತಾರೆ? ಮೂರು ಲಕೋಟೆ ಬಗಲಲ್ಲಿ, ಎರಡು ಡಜನ್ ಹಣ್ಣು ಕೈಯಲ್ಲಿ, ಮೊಣಕಾಲಿಗೂ ನೆತ್ತಿಗೂ ಸಮವಾಗಿ ಗಾಳಿ. ರೇಡಿಯೊಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಒಂದು ಮಾತೂ ಆಡಿಲ್ಲವಲ್ಲ, ಪಾಸಂತೂ ಆಗುತ್ತೇನೆ ಎಂದು ಧೈರ್ಯ ತಂದುಕೊಂಡ.

ಉಳಿದದ್ದು ನಾಲ್ಕನೆಯ ಲಕೋಟೆ. ಓಣಿಯಲ್ಲಿ ಕಾಲಿಟ್ಟ ಕೂಡಲೇ ಎದುರುಮನೆಯ ದೊಡ್ಡಮ್ಮ ಅವನನ್ನು ಹಿಡಿದುಕೊಂಡರು. ಅವರ ಮಾತಿಗೆ ಹೆದರಿ ಪೋಸ್ಟ್‌ಮ್ಯಾನ್ ಕಾಗದವನ್ನು ಗೇಟಿನಿಂದಲೇ ಎಸೆದು ಓಡುತ್ತಿದ್ದ.

"ಅಯ್ಯೋ, ತಲೆಗೇನಾಯ್ತೋ? ಪ್ಯಾಂಟು ಯಾರು ಕಿತ್ಕೊಂಡ್ರು? ಕೂತ್ಕೋ, ಕೂತ್ಕೋ. ಪರೀಕ್ಷೆನಾ? ಮಾತಾಡಬೇಡ, ನಾನೇ ಮಾತಾಡ್ತೀನಿ."

ತೋರಿಸಲು ಉಳಿದ ಕಾರ್ಡು ಇಲ್ಲ, ಓಡಲು ಪ್ಯಾಂಟು ಇಲ್ಲ. ರೇಡಿಯೊ ಕೂತ. ದೊಡ್ಡಮ್ಮ ನಲ್ಲಿಯಿಂದ ಶುರು ಮಾಡಿ, ಮಂಡಿನೋವಿಗೆ ಬಂದು, ಮೂರನೆಯ ಮನೆಯ ನಾಯಿಯನ್ನು ದಾಟಿ, ಇದ್ದಕ್ಕಿದ್ದಂತೆ ನಿಂತರು. ಯಾರೂ ನಡುವೆ ಬಾಯಿ ಹಾಕದಿದ್ದದ್ದು ಅವರಿಗೇ ವಿಚಿತ್ರವೆನಿಸಿರಬೇಕು. ಆಮೇಲೆ ಬಂದ ದನಿ ಸಣ್ಣದಾಗಿತ್ತು.

"ನನ್ನ ತಮ್ಮನಿಗೂ ಮಾತು ಬರ್ತಿರ್ಲಿಲ್ಲ ಕಣೋ. ಯಾರೇನು ಕೇಳಿದ್ರೂ ನಾನೇ ಹೇಳ್ಬಿಡ್ತಿದ್ದೆ. ಅವನಿಗೆ ಹಸಿವಿಲ್ಲ, ಅವನಿಗೆ ಹೊರಗೆ ಹೋಗೋದು ಇಷ್ಟ ಇಲ್ಲ, ಹೀಗೆ. ನಲವತ್ತು ವರ್ಷ. ಅವನು ಹೋದ್ಮೇಲೆ ಪೆಟ್ಟಿಗೆ ತೆಗೆದ್ರೆ ಪೇಪರಿಂದ ಕತ್ತರಿಸಿಟ್ಟ ಬಸ್ಸಿನ ಚಿತ್ರಗಳು, ಒಂದೈನೂರು ಇರ್ಬೇಕು. ಹೊರಗೆ ಹೋಗೋದು ಅವನಿಗೆ ಇಷ್ಟ ಇತ್ತು ಅಂತ ಕಾಣತ್ತೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಇಬ್ಬರ ಮಾತೂ ಒಬ್ಬಳೇ ಆಡಿ ಅಭ್ಯಾಸ ಆಗ್ಹೋಯ್ತು. ಈಗ ನಿಲ್ಸೋಕೇ ಬರಲ್ಲ."

ರೇಡಿಯೊಗೆ ಅಕ್ಕನ ಮಗಳು ನೆನಪಾದಳು. ಅವಳು ಕೈ ಎತ್ತುವ ಮೊದಲೇ "ನೀರು ಬೇಕಂತೆ" ಎಂದು ತಾನೇ ಎಷ್ಟು ಸಲ ಹೇಳಿದ್ದ! ನಾಚಿಕೆಯಿಂದ ಅವನ ಬೋಳು ತಲೆ ಬಿಸಿಯಾಯಿತು. ಸುಮ್ಮನೆ ಒಂದು ಬಾಳೆಹಣ್ಣು ಸುಲಿದು ಅವರ ಕೈಗಿಟ್ಟ. ದೊಡ್ಡಮ್ಮ ಅದನ್ನು ತಿಂದು ಮುಗಿಸಿ, ಚೀಟಿ ಓದಿದರು. ಅವರೊಬ್ಬರೇ ನಗಲಿಲ್ಲ.

"ಈ ವೇಷದಲ್ಲಿ ನಿನ್ನನ್ನ ಬಸ್ಸಿಗೆ ಯಾರು ಹತ್ತಿಸ್ಕೋತಾರೆ? ನಡಿ, ನಿನ್ನ ಪರವಾಗಿ ನಾನು ಮಾತಾಡ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಕಾಲೇಜು ಮುಟ್ಟಿದಾಗ ಐದಕ್ಕೆ ಐದು ನಿಮಿಷವಿತ್ತು. ಮೇಡಂ ಅವನ ತಲೆ ನೋಡಿದರು, ಕಾಲು ನೋಡಿದರು, ಹಣ್ಣು ನೋಡಿದರು, ಏನೂ ಕೇಳದೆ ಲಕೋಟೆ ಒಡೆದರು.

"ಚೀಟೀಲಿ ಇದ್ದದ್ದು ಒಂದೇ ಪ್ರಶ್ನೆ ಅಂತ ಅವತ್ತೇ ಹೇಳಿದ್ದೆ, ನೆನಪಿದೆ ತಾನೇ? 'ನೀವು ಹೇಳಿ ಮುಗಿಸೋವರೆಗೂ ಈ ವ್ಯಕ್ತಿ ಕಾದರಾ?'"

ಅದು ಸಹಿಯ ಕಾಗದವಲ್ಲವೆಂದು ರೇಡಿಯೊಗೆ ತಿಳಿದದ್ದೇ ಆಗ.

"ಹಣ್ಣಿನಂಗಡಿ: 'ಇಲ್ಲ. ಬಾಯಿ ಮುಚ್ಚಿಕೊಂಡೇ ಇಷ್ಟು ಮಾತಾಡುವವರನ್ನು ನಾನು ಕಂಡಿಲ್ಲ.' ದರ್ಜಿ: 'ಇಲ್ಲ. ಅಳತೆ ಕೇಳಲೂ ಬಿಡಲಿಲ್ಲ. ಪ್ಯಾಂಟಿನ ಪಾಪ ನನ್ನದಲ್ಲ.' ಕ್ಷೌರಿಕ: 'ಪ್ರಶ್ನೆಗಿಂತ ಮೊದಲೇ ಉತ್ತರ ಹಿಡಿದು ಕೂತಿದ್ದರು.'" ಮೇಡಂ ನಾಲ್ಕನೆಯದನ್ನು ಓದಲು ಹೋಗಿ ಕನ್ನಡಕ ತೆಗೆದು ಒರೆಸಿಕೊಂಡರು. "'ಕಾದ. ಒಂದೂವರೆ ಗಂಟೆ. ನನ್ನ ಮಾತು ಪೂರ್ತಿ ಮುಗಿದದ್ದು ಜೀವನದಲ್ಲಿ ಇದೇ ಮೊದಲು.'"

ಗೋಡೆ ಗಡಿಯಾರ ಐದು ಹೊಡೆಯಿತು.

"ನಾಲ್ಕರಲ್ಲಿ ಮೂರು ಬರಬೇಕಿತ್ತು, ಒಂದು ಬಂದಿದೆ" ಎಂದರು ಮೇಡಂ. "ಪಾಸ್ ಮಾಡೋಕಾಗಲ್ಲ. ಇಂಥ ಚೀಟಿ ಬಂದ್ಮೇಲೆ ಫೇಲ್ ಮಾಡೋಕೂ ಮನಸ್ಸಿಲ್ಲ. ಶಾಲೆ ಸದ್ಯಕ್ಕೆ ಬೇಡ. ಇನ್ನೊಂದು ತಿಂಗಳು ದಿನಾ ಹತ್ತರಿಂದ ಐದು, ಮಾತಿಲ್ಲದೆ, ಕಾರ್ಡಿಲ್ಲದೆ ಈ ಅಮ್ಮನ ಮನೇಲಿ ಕೂತು ಕೇಳಿಸ್ಕೊಳ್ಳೋದು. ಅದೇ ನಿಮ್ಮ ಅಭ್ಯಾಸ. ಐದು ಆಯ್ತು, ಈಗ ನೀವು ಮಾತಾಡಬಹುದು. ಒಪ್ಪಿಗೆನಾ?"

ಏಳು ಗಂಟೆಗಳ ಕಾಲ ಕಟ್ಟಿಟ್ಟ ಮಾತೆಲ್ಲ ಒಟ್ಟಿಗೆ ಗಂಟಲಿಗೆ ನುಗ್ಗಿತು. ರೇಡಿಯೊ ಉಸಿರೆಳೆದು ಬಾಯಿ ತೆರೆದ.

"ಅವನಿಗೆ ಒಪ್ಪಿಗೆ ಮೇಡಂ" ಎಂದರು ಪಕ್ಕದಲ್ಲಿದ್ದ ದೊಡ್ಡಮ್ಮ. "ಒಂದು ತಿಂಗಳು ಯಾಕೆ, ಎರಡು ತಿಂಗಳು ಬರ್ತಾನಂತೆ. ಅವನಿಗೆ ತುಂಬಾ ಇಷ್ಟ."

"ಸಂತೋಷ, ಎರಡೇ ಇರಲಿ" ಎಂದು ಮೇಡಂ ಪುಸ್ತಕದಲ್ಲಿ ಬರೆದುಕೊಂಡರು.

ರೇಡಿಯೊ ಬಾಯಿ ತೆರೆದೇ ನಿಂತಿದ್ದ. ಅವನ ಕೈ ತಾನಾಗಿಯೇ ಜೇಬಿಗೆ ಹೋಗಿ, ನೀಲಿ ಬಣ್ಣದ ಒದ್ದೆ ರಿಂಗನ್ನು ಹೊರಗೆಳೆದು 'ಇಲ್ಲ' ಎಂಬ ಕಾರ್ಡನ್ನು ಹುಡುಕತೊಡಗಿತು. ನಲವತ್ತೆರಡನ್ನೂ ತಿರುವಿ ಮುಗಿಸಿದ ಮೇಲೆ, ಅಂಥದ್ದೊಂದನ್ನು ತಾನು ಬರೆದೇ ಇರಲಿಲ್ಲವೆಂಬುದು ಅವನಿಗೆ ನೆನಪಾಯಿತು.