ಬೊಂತೆಯ ಒಳಪದರ

ಕೆಲವರಿಗೆ ನಿದ್ದೆ ಬರಲು ಬಿಸಿ ಹಾಲು ಬೇಕು, ಕೆಲವರಿಗೆ ಟಿ.ವಿ. ಓಡುತ್ತಿರಬೇಕು. ನನಗೆ ಬೇಕಾದದ್ದು ತೂಕ. ಮೈಮೇಲೆ ಭಾರವಾದದ್ದೇನಾದರೂ ಬಿದ್ದಿರದಿದ್ದರೆ, ಎಲ್ಲಿ ಹಾರಿಹೋಗುತ್ತೇನೋ ಎಂಬಂತೆ ಎಚ್ಚರವಾಗಿಯೇ ಇರುತ್ತೇನೆ. ಮಗಳು ಕೊಡಿಸಿದ ಬ್ಲಾಂಕೆಟ್ಟು ಬೆಚ್ಚಗಿದೆ ನಿಜ. ಆದರೆ ಹೊದ್ದಿದ್ದೇನೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳಬೇಕು. ನನ್ನ ಹೆಂಡತಿ ಜಯಮ್ಮ ಇದಕ್ಕೆ ತದ್ವಿರುದ್ಧ. ರಾಮನಗರದ ಮಾಗಿಯ ಚಳಿಯಲ್ಲೂ ಅವಳಿಗೆ ಫ್ಯಾನು ತಿರುಗಬೇಕು, ಮೇಲೊಂದು ತೆಳು ದುಪ್ಪಟಿ ಸಾಕು. ಹಳೇ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ ನನ್ನಜ್ಜಿ ಹೊಲಿದಿದ್ದ ಬೊಂತೆಯೊಂದಿತ್ತು. ಅದು ಇರುವವರೆಗೆ ನಮ್ಮಿಬ್ಬರಿಗೂ ತಕರಾರಿರಲಿಲ್ಲ. ಹೋದ ವರ್ಷ ಅದು ಪೂರ್ತಿ ಚಿಂದಿಯಾಯಿತು.

ಹೊಸದನ್ನು ಹೊಲಿಸಲು ಮರಳವಾಡಿಯ ಸೋದರತ್ತೆ ಕೆಂಪಮ್ಮನ ಮನೆಗೆ ಅರಳೆ, ಹಳೇ ಬಟ್ಟೆಗಳ ಗಂಟು ಹೊತ್ತುಕೊಂಡು ಹೋದೆ. ಅವಳು ಗಂಟು ಬಿಚ್ಚುವ ಮೊದಲೇ ಕೇಳಿದಳು: “ಬಿಸಿ ಬೇಕೇನ್ಲಾ, ತೂಕ ಬೇಕಾ?”

“ಎರಡೂ ಬೇಕು ಕಣತ್ತೆ.”

ಚನ್ನಪಟ್ಟಣದಿಂದ ಹೊಸದಾಗಿ ಹಿಂಜಿಸಿ ತಂದಿದ್ದ ಅರಳೆಯನ್ನು ಅವಳು ಒಂದೇ ಮಾತಿಗೆ ತಳ್ಳಿಹಾಕಿದಳು. “ಒಂದ್ಸಲ ಒಗದ್ರೆ ಎಲ್ಲಾ ಒಂದ್ ಮೂಲೆಗೆ ಸೇರ್ಕತದೆ. ಆಮೇಲೆ ಒಂದ್ ಕಾಲ್ ಬೆಚ್ಚಗೆ, ಒಂದ್ ಕಾಲ್ ತಣ್ಣಗೆ.” ಪಾಲಿಸ್ಟರ್ ಸೀರೆಗಳೂ ಮೂಲೆಗೆ ಬಿದ್ದವು, ಅವು ಜಾರುತ್ತವಂತೆ, ಪದರಕ್ಕೆ ಪದರ ಹೊಂದುವುದಿಲ್ಲವಂತೆ. ಕೊನೆಗೆ ನಮ್ಮಪ್ಪನ ಹಳೇ ಕರಿಕಂಬಳಿಯನ್ನು ಎತ್ತಿ ಹಿಡಿದಳು. “ಇದು ಮಧ್ಯಕ್ಕೆ. ತೂಕ ಇದ್ರಲ್ಲೈತೆ. ಆದ್ರೆ ಚುಚ್ತದೆ. ಅದ್ರ ಮೇಲೆ ಹಾಸಾಕೆ ಸವೆದು ಮೆತ್ತಗಾಗಿರೋ ಸೀರೆ ಇನ್ನೊಂದು ಬೇಕು. ಒಸಿ ಭಾರವಾಗೂ ಇರ್ಬೇಕು. ಜಯಮ್ಮನ್ನ ಕೇಳಿ ತತ್ತಾ.”

ಬಟ್ಟೆ ಆರಿಸಲು ಜಯಮ್ಮನೇಕೆ ಎಂದುಕೊಂಡೆ. ನಾನು ಬದುಕೆಲ್ಲ ರೇಷ್ಮೆಗೂಡಿನ ವ್ಯಾಪಾರದಲ್ಲಿ ಕಳೆದವನು. ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಜಾತಕ ಹೇಳಬಲ್ಲೆ ಎಂಬ ಜಂಬ ನನ್ನದು. ಮನೆಗೆ ಬಂದು ಬೀರುವಿನ ತಳದಲ್ಲಿದ್ದ ಹಳೇ ಸೀರೆಯೊಂದನ್ನು ಎಳೆದೆ, ಬೆರಳಲ್ಲಿ ಉಜ್ಜಿದೆ, ಅಂಗೈಯಲ್ಲಿ ತೂಗಿದೆ. ಅಸಲಿ ರೇಷ್ಮೆ, ಆದರೆ ಬಣ್ಣ ಮಾಸಿದೆ, ಮಡಿಕೆಯಲ್ಲಿ ಸೀಳಿದೆ, ಇನ್ನು ಉಡಲು ಬಾರದು ಎಂದು ತೀರ್ಪು ಕೊಟ್ಟೆ. ಜಯಮ್ಮ ತವರಾದ ದೊಡ್ಡಮಳೂರಿಗೆ ಹೋಗಿದ್ದಳು. ಕೇಳಲು ಫೋನು ಜೇಬಿನಲ್ಲೇ ಇತ್ತು. ಕೇಳಲಿಲ್ಲ, ಸೀರೆಯನ್ನು ಅತ್ತೆಗೆ ಕೊಟ್ಟು ಬಂದೆ.

ತಿಂಗಳ ಮೇಲೆ ಅತ್ತೆ ಬೊಂತೆಯನ್ನು ಆಟೋದಲ್ಲಿ ಹೇರಿಕೊಂಡು ಬಂದಳು. ಇಳಿಸಲು ಡ್ರೈವರೂ ಕೈ ಕೊಡಬೇಕಾಯಿತು. ನನಗೆ ಆನಂದವೋ ಆನಂದ. ಅತ್ತೆ ಕಾಫಿ ಕುಡಿಯುತ್ತ ಜಯಮ್ಮನಿಗೆ ಹೇಳಿದಳು: “ಎಲ್ಲಾದಕ್ಕಿಂತ ನಿನ್ ಸೀರೆನೇ ಚೆಂದಾಗಿ ಕೂತ್ಕತು ಕಣವ್ವ. ಸೂಜಿ ಬೆಣ್ಣೇಲಿ ಹೋದಂಗೋಯ್ತು.”

“ಯಾವ ಸೀರೆ?”

“ಬಿಳೇದು. ಕೆಂಪಂಚಿಂದು.”

ಜಯಮ್ಮ ನನ್ನ ಕಡೆ ತಿರುಗಿದಳು. “ನನ್ ಧಾರೆ ಸೀರೆ,” ಎಂದಳು, ಅಷ್ಟೆ.

ಆ ಸೀರೆಯ ಸೆರಗಿಗೇ ನನ್ನ ಶಲ್ಯದ ತುದಿಯನ್ನು ಗಂಟು ಹಾಕಿ ಮಂಟಪದ ಸುತ್ತ ನಡೆಸಿದ್ದರು. ರೇಷ್ಮೆ ಎಂದು ಗೊತ್ತಾಗಿತ್ತು, ಯಾರದೆಂದು ಗೊತ್ತಾಗಿರಲಿಲ್ಲ. ಅತ್ತೆ ಪಾಪ, “ಬಿಚ್ಚಿ ಕೊಡ್ಲೇನವ್ವ?” ಎಂದಳು. “ಬುಡಿ ಅತ್ತೆ, ಆಗ್ಲೇ ತೂತು ಬಿದ್ದೈತೆ,” ಎಂದು ಜಯಮ್ಮ ಒಳಗೆ ಹೋದಳು. ಮೂರು ದಿನ ಮಾತಿಲ್ಲ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅದೇ ಇನ್ನೂ ಹಿಂಸೆ. ಬೊಂತೆ ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಅವಳು ಆ ಸೀರೆಯನ್ನು ಇಷ್ಟು ವರ್ಷ ಯಾತಕ್ಕೆ ಎತ್ತಿಟ್ಟಿದ್ದಳು ಎಂಬುದು ಈಗ ಹೊಳೆದಿತ್ತು.

ನಾಲ್ಕನೆಯ ದಿನ ಅವಳೇ ಬಾಯಿಬಿಟ್ಟಳು. “ಸೀರೆ ನಂದು. ಸೀರೆ ಅದ್ರೊಳಗೈತೆ. ಅಂದ್ಮೇಲೆ ಬೊಂತೆನೂ ನಂದೇ.”

ಅಂದಿನಿಂದ ಅದನ್ನು ಅವಳೇ ಹೊದೆಯುತ್ತಾಳೆ. ಆದರೆ ಒಬ್ಬಳೇ ಹಾಸಿ ಎಳೆದುಕೊಳ್ಳಲು ಆಗುವುದಿಲ್ಲ, ತೂಕ ನಾನೇ ಬಯಸಿ ಹಾಕಿಸಿದ್ದಲ್ಲವೇ. “ರೀ, ಆ ತುದಿ ಹಿಡ್ಕಳಿ,” ಎನ್ನುತ್ತಾಳೆ. ಹಿಡಿದುಕೊಳ್ಳುತ್ತೇನೆ. ಕುತ್ತಿಗೆಯವರೆಗೆ ಹೊದಿಸಿದ್ದೇ ತಡ, ಅವಳಿಗೆ ಗೊರಕೆ. ಫ್ಯಾನು ಮಾತ್ರ ಈಗಲೂ ತಿರುಗುತ್ತದೆ. ಅದರ ಕೆಳಗೆ ನಾನು ಮಗಳ ಬ್ಲಾಂಕೆಟ್ಟನ್ನು ಹೊದ್ದಿದ್ದೇನೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿರುತ್ತೇನೆ.