ಹತ್ತು ಘಟ್ಟ, ಹತ್ತು ತೀರ್ಪು

"ಇನ್ನು ಮೇಲೆ ಕೂರೋದು ಕಡಿಮೆ ಮಾಡಿ" ಎಂದು ಡಾಕ್ಟರು ಒಂದು ಮಾತು ಹೇಳದೇ ಇದ್ದಿದ್ದರೆ ಈ ಅನಾಹುತ ಯಾವುದೂ ಆಗುತ್ತಿರಲಿಲ್ಲ.

ಎಡ್ಗರ್ ಸಂಟರ್ ಮೂವತ್ತೆಂಟು ವರ್ಷ ನಮ್ಮ ಕಣಿವೆಯ ಶಾಲೆಯ ಬಸ್ಸು ಓಡಿಸಿದವನು. ಇಡೀ ಯಾರ್ಕ್‌ಷೈರಿನಲ್ಲಿ ಅವನಷ್ಟು ಕೂತ ಮನುಷ್ಯ ಇನ್ನೊಬ್ಬನಿಲ್ಲ. ನಿವೃತ್ತನಾದ ದಿನ ಅವನನ್ನು ಸೀಟಿನಿಂದ ಬಿಡಿಸಲು ಇಬ್ಬರು ಮೆಕ್ಯಾನಿಕ್‌ಗಳೂ ಅರ್ಧ ಡಬ್ಬಿ ಗ್ರೀಸೂ ಬೇಕಾದವು. ಅಂಥವನು ಅರವತ್ತೆರಡನೆಯ ವಯಸ್ಸಿನಲ್ಲಿ ಡಾಕ್ಟರ ಮಾತನ್ನು ಶಿರಸಾ ವಹಿಸಿ, ಸೀಟೇ ಇಲ್ಲದ ಬೈಕೊಂದನ್ನು ಮನೆಗೆ ತಂದ.

ಟ್ರಯಲ್ಸ್ ಬೈಕು ಇರುವುದೇ ಹಾಗೆ. ಅದರಲ್ಲಿ ವೇಗದ ಮಾತಿಲ್ಲ. ನಿಂತುಕೊಂಡೇ ಬಂಡೆ ಹತ್ತಿಸಬೇಕು, ಹಳ್ಳ ದಾಟಿಸಬೇಕು. ನೆಲಕ್ಕೆ ಕಾಲು ಮಾತ್ರ ಸೋಕಬಾರದು. ಸ್ಪರ್ಧೆಯ ದಾರಿಯನ್ನು ಘಟ್ಟಗಳಾಗಿ ಒಡೆದಿರುತ್ತಾರೆ. ಒಂದು ಘಟ್ಟದಲ್ಲಿ ಒಂದು ಸಲ ಕಾಲೂರಿದರೆ ಒಂದು ತಪ್ಪು. ಬಿದ್ದರೆ, ನಿಂತರೆ, ದಾರಿ ತಪ್ಪಿದರೆ ಐದು. ಕಡಿಮೆ ತಪ್ಪು ಮಾಡಿದವನೇ ಗೆದ್ದವನು. ನಮ್ಮ ಕಣಿವೆಯಲ್ಲಿ ಮಕ್ಕಳು ಇದನ್ನು ನಡೆಯುವುದಕ್ಕಿಂತ ಮೊದಲು ಕಲಿಯುತ್ತಾರೆ. ಎಡ್ಗರ್ ಆರು ತಿಂಗಳ ಹಿಂದೆ ಕಲಿಯಲು ಶುರುಮಾಡಿದ್ದ. ಆದರೆ ಆ ಬೈಕಿನ ಮೇಲೆ ನಿಂತಾಗ, ಮೂವತ್ತೆಂಟು ವರ್ಷ ಅದೇ ಹನ್ನೊಂದು ಮೈಲಿಯ ರಸ್ತೆಯಲ್ಲಿ ಓಡಾಡಿದವನಿಗೆ, ಕಲ್ಲುಗೋಡೆಗಳ ಆಚೆ ಏನಿದೆ ಎಂಬುದು ಮೊದಲ ಸಲ ಕಂಡಿತ್ತು. ಆಚೆ ಇದ್ದದ್ದೂ ಕುರಿಗಳೇ ಎನ್ನಿ. ಆದರೂ ಅವನಿಗೆ ಅವು ಬೇರೆ ಕುರಿಗಳಂತೆ ಕಂಡವು.

ನವೆಂಬರಿನ ಆ ಭಾನುವಾರ, ಅವನ ಮೊದಲ ಸ್ಪರ್ಧೆಯ ದಿನ, ಹೆಂಡತಿ ಮೇವಿಸ್ ಬೆಳಗಿನ ಚಹಾದ ಜೊತೆ ಷರತ್ತನ್ನೂ ಮೇಜಿನ ಮೇಲಿಟ್ಟಳು.

"ನೋಡು ಎಡ್ಗರ್, ಆರು ತಿಂಗಳಲ್ಲಿ ನನ್ನ ಮೂರು ಗುಲಾಬಿ ಗಿಡ, ಪಕ್ಕದ ಮನೆ ಬೇಲಿ, ನಿನ್ನ ಎರಡು ಪಕ್ಕೆಲುಬು ಹೋದವು. ಇವತ್ತು ಹತ್ತು ಘಟ್ಟ ತಾನೇ? ನಲವತ್ತಕ್ಕಿಂತ ಒಂದು ತಪ್ಪು ಜಾಸ್ತಿ ಆದ್ರೂ ಆ ಗಾಡಿ ನನ್ನ ತಮ್ಮ ರೋಲಂಡನ ಪಾಲು."

"ಹತ್ತರಲ್ಲಿ ಹತ್ತೂ ಬಿದ್ರೇನೇ ಐವತ್ತು ಕಣೆ!"

"ಅದಕ್ಕೇ ಹೇಳಿದ್ದು. ಎರಡು ಘಟ್ಟನಾದ್ರೂ ನೆಟ್ಟಗೆ ದಾಟು. ಅಷ್ಟೂ ಆಗಲ್ಲ ಅಂದ್ರೆ ಬೈಕ್ಯಾಕೆ, ಒಂದು ಕುರ್ಚಿ ತಗೊಂಡು ಕೂತ್ಕೋ."

ಈ ಮಾತನ್ನು ಮೇವಿಸ್ ತನ್ನ ಅಕ್ಕನೊಬ್ಬಳಿಗೆ ಮಾತ್ರ ಫೋನಿನಲ್ಲಿ ಹೇಳಿದಳು, ಅದೂ ಪಿಸುದನಿಯಲ್ಲಿ. ನಮ್ಮ ಕಣಿವೆಯಲ್ಲಿ ಪಿಸುಮಾತಿಗೆ ಕುದುರೆಗಿಂತ ಎರಡು ಕಾಲು ಹೆಚ್ಚು. ಎಡ್ಗರ್ ಬೂಟಿನ ಲಾಡಿ ಕಟ್ಟಿ ಮುಗಿಸುವ ಹೊತ್ತಿಗೆ ಗುಡ್ಡದ ಮೇಲಿನ ಕೊನೆಯ ಮನೆಯವರೂ ಅವನಿಗಾಗಿ ನಿಟ್ಟುಸಿರು ಬಿಟ್ಟಾಗಿತ್ತು.

ನಮ್ಮ ಕ್ಲಬ್ಬಿನ ಪದ್ಧತಿ ಸರಳ: ಬೈಕು ಓಡಿಸದವರು ತೀರ್ಪು ಕೊಡಬೇಕು. ಒಂದು ಘಟ್ಟಕ್ಕೆ ಒಬ್ಬರೇ ತೀರ್ಪುಗಾರರು. ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಹಾಳೆ, ತಲೆಯ ಮೇಲೆ ಮಳೆ. ಆ ದಿನ ಒಬ್ಬರು ಕಡಿಮೆ ಬಿದ್ದಿದ್ದರು. ಕಾರ್ಯದರ್ಶಿ ಬೆರಿಲ್, ಬುತ್ತಿ ಹಿಡಿದು ಸುಮ್ಮನೆ ನೋಡಲು ಬಂದಿದ್ದ ಮೇವಿಸಳ ಕೈಗೆ ಹತ್ತನೆಯ ಘಟ್ಟದ ರಟ್ಟು ತುರುಕಿದಳು.

"ನಂಗೇನೂ ಗೊತ್ತಿಲ್ಲ ಬೆರಿಲ್!"

"ಗೊತ್ತಿರೋದೇನಿದೆ? ಕಂಡಿದ್ದು ಬರಿ. ಯಾರು ಕೇಳಿದ್ರೂ ಬಾಯಿ ಬಿಡಬೇಡ."

ಮೊದಲನೆಯ ಘಟ್ಟ ಹಳ್ಳದಲ್ಲಿತ್ತು. ತೀರ್ಪುಗಾರ ಕಟುಕ ಟಾಟ್ ಆಲ್ಡರ್ಸನ್. ಎಡ್ಗರ್ ನೀರಿಗಿಳಿದ. ಬೈಕು ಮೊದಲ ಬಂಡೆಯನ್ನು ನೋಡಿತು, ಬಂಡೆ ಬೈಕನ್ನು ನೋಡಿತು, ಸೋತದ್ದು ಬೈಕು. ನಡುನೀರಿನಲ್ಲಿ ಎಂಜಿನ್ ನಿಂತಿತು. ಎಡ್ಗರ್ ದೀಪಸ್ತಂಭದ ಹಾಗೆ ಎರಡು ಕ್ಷಣ ನಿಂತು, ಆಮೇಲೆ ನಿಧಾನವಾಗಿ ಪಕ್ಕಕ್ಕೆ ವಾಲಿ ಮುಳುಗಿದ. ಅವನು ಎದ್ದಾಗ ಬೂಟಿನಿಂದ ಒಂದು ಮೀನು ಹೊರಗೆ ಹಾರಿತೆಂದು ಟಾಟ್ ಇವತ್ತಿಗೂ ಆಣೆ ಇಡುತ್ತಾನೆ. ನಾನು ಕೇಳಿದ ಪ್ರಕಾರ ಎರಡು.

"ಐದು ಅಲ್ವೇನೋ ಟಾಟ್?" ಎಡ್ಗರ್ ನೀರು ಉಗುಳುತ್ತ ಕೇಳಿದ.

ಟಾಟ್ ಮಳೆಗೆ ರಟ್ಟಿನ ಮೇಲೆ ತೋಳು ಅಡ್ಡ ಹಿಡಿದು ಏನೋ ಗೀಚಿದ. "ಹೋಗಯ್ಯ ಮುಂದೆ. ಹಾಳೆ ನೆನೀತಿದೆ."

ಎರಡರಲ್ಲಿ ಐದು, ಮೂರರಲ್ಲಿ ಐದು. ನಾಲ್ಕನೆಯ ಘಟ್ಟ ಮುಳ್ಳುಮರಗಳ ನಡುವಿನ ಏರು, ತೀರ್ಪುಗಾರರು ಪಾದ್ರಿಗಳು. ಅಲ್ಲಿ ಎಡ್ಗರ್ ಏರಿದ್ದು ನಿಜ, ಆದರೆ ದಾರಿಯಲ್ಲಲ್ಲ. ಮಲಗಿದ್ದ ಕುರಿಯೊಂದು ಬೆಚ್ಚಿ ಎದ್ದು ಓಡಿತು. ಬೈಕು ಅದರ ಬೆನ್ನಿಗೆ ಬಿತ್ತು. ಮುಂದೆ ಕುರಿ, ಹಿಂದೆ ಎಡ್ಗರ್. ಮುಳ್ಳುಮರವನ್ನು ಮೂರು ಪ್ರದಕ್ಷಿಣೆ ಹಾಕಿ, ಪಾದ್ರಿಗಳ ಚಹಾದ ಫ್ಲಾಸ್ಕಿನ ಮೇಲೆ ಹಾಯ್ದು, ಇಬ್ಬರೂ ಒಂದೇ ಗೋಡೆಗೆ ಹೋಗಿ ಗುದ್ದಿದರು. ಕುರಿ ಮೊದಲು ಎದ್ದಿತು.

"ಕ್ಷಮಿಸಿ ಫಾದರ್, ಬಾಯಿಂದ ಏನೇನೋ ಬಂದ್ಬಿಡ್ತು."

"ನನಗೇನೂ ಕೇಳಿಸಲಿಲ್ಲಪ್ಪ. ಕಾಣಿಸಲೂ ಇಲ್ಲ. ಈ ಮಳೇಲಿ ಕನ್ನಡಕ ಹಾಕಿ ಏನು ಪ್ರಯೋಜನ!" ಎಂದು ಪಾದ್ರಿಗಳು ರಟ್ಟನ್ನು ನಿಲುವಂಗಿಯೊಳಗೆ ಸೇರಿಸಿಕೊಂಡರು.

ಐದು, ಆರನೆಯ ಘಟ್ಟಗಳಲ್ಲೂ ಐದೈದು. ಏಳನೆಯ ಘಟ್ಟದಲ್ಲಿ ಮಿಸ್ ಪೀಕಾಕ್ ಇದ್ದರು. ಎಂಬತ್ತನಾಲ್ಕು ವರ್ಷ, ಊರಿಗೆಲ್ಲ ಅಕ್ಷರ ಕಲಿಸಿದ ಟೀಚರು. ಅವರ ಎದುರು ಎಡ್ಗರ್‌ಗೆ ಭಯದಿಂದಲೇ ಬೆನ್ನು ನೆಟ್ಟಗಾಯಿತು. ಪಾಚಿ ಕಟ್ಟಿದ ಮೆಟ್ಟಿಲುಬಂಡೆಗಳ ಮೇಲೆ ಬರೀ ಎರಡು ಸಲ ಕಾಲೂರಿ ದಾಟಿಯೇಬಿಟ್ಟ.

"ಎರಡು ಸಲ ಕಾಲಿಟ್ಟೆ ಮೇಡಂ."

"ಎಡ್ಗರ್, ನಾನು ಕೇಳಿದಾಗ ಮಾತ್ರ ಉತ್ತರ ಹೇಳಬೇಕು. ಮೂಗು ಒರೆಸಿಕೋ."

ಎಂಟು, ಒಂಬತ್ತು ಮತ್ತೆ ಐದೈದು. ಎಡ್ಗರ್ ಮನಸ್ಸಿನಲ್ಲೇ ಕೂಡಿದ: ನಲವತ್ತೆರಡು. ಆಟ ಮುಗಿದಿತ್ತು. ಬೈಕು ರೋಲಂಡನದು. ಆ ರೋಲಂಡ್ ಅದನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಮೇಲೆ ಗೋಣಿಚೀಲ ಒಣಹಾಕುತ್ತಾನೆ ಎಂದು ನೆನೆದು, ಹ್ಯಾಂಡಲ್ ಮೇಲಿನ ಕೆಸರನ್ನು ತೋಳಿನಿಂದ ಒರೆಸಿದ. ಆದರೂ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಕೊನೆಯ ಸಲ ಗೋಡೆಗಳ ಆಚೆ ಕಣ್ತುಂಬ ನೋಡಿ, ಹತ್ತನೆಯ ಘಟ್ಟಕ್ಕೆ ಹೋದ.

ಅಲ್ಲಿ ಮೇವಿಸ್ ಕೊಡೆ ಹಿಡಿದು ನಿಂತಿದ್ದಳು. ಎದುರಿಗೆ ತಲೆಯಿಂದ ಕಾಲಿನವರೆಗೆ ಕೆಸರಾಗಿದ್ದ ಆಕೃತಿಯನ್ನು ನೋಡಿ, "ಯಾರಪ್ಪ ನೀನು?" ಎಂದಳು.

"ನಾನು ಕಣೆ."

"ಅಯ್ಯೋ ದೇವರೇ!"

ಆ ಘಟ್ಟದಲ್ಲಿ ಎಡ್ಗರ್ ಬಿದ್ದ ಚಂದವನ್ನು ವರ್ಣಿಸಲು ನನ್ನಂಥವನಿಗೂ ಮಾತು ಸಾಲದು. ಬಂಡೆಯ ತುದಿಯವರೆಗೆ ಹತ್ತಿದ, ನಕ್ಕ, ಆಮೇಲೆ ಬೈಕು ಒಂದು ಕಡೆ ಅವನು ಒಂದು ಕಡೆ ಉರುಳಿ, ಕೆಳಗೆ ಹೆಂಡತಿಯ ಬೂಟುಗಳ ಮುಂದೆ ಮತ್ತೆ ಭೇಟಿಯಾದರು. ಮೇವಿಸ್ ಕೊಡೆ ಬಿಸಾಕಿ ಮೊಣಕಾಲೂರಿ, ತನ್ನ ಕರವಸ್ತ್ರದಿಂದ ಅವನ ಮುಖ ಒರೆಸಿದಳು. ಆಮೇಲೆ ಬೆನ್ನು ತಿರುಗಿಸಿ ರಟ್ಟಿನ ಮೇಲೆ ಬರೆದಳು.

"ಎಷ್ಟು ಬರ್ದೆ?"

"ಕಂಡಿದ್ದು ಬರ್ದೆ."

"ಐದಾ?"

"ಬಾಯಿ ಬಿಡಬೇಡ ಅಂತ ಬೆರಿಲ್ ಹೇಳಿದ್ದಾಳೆ. ಏಳು, ನೆಗಡಿಯಾಗುತ್ತೆ."

ಸಂಜೆ ಊರಿನ ಸಭಾಂಗಣದಲ್ಲಿ ಬಿಸಿ ಚಹಾ, ಮಾಂಸದ ಪೈ, ಶುಂಠಿ ಕೇಕು. ಎಡ್ಗರ್ ಹೊರಗೆ ಬೈಕನ್ನು ಕೊನೆಯ ಸಲ ಒರೆಸಿ, ಅದರ ಹ್ಯಾಂಡಲ್ ತಟ್ಟಿ, ಒಳಗೆ ಬಂದು ಬಾಗಿಲ ಹತ್ತಿರ ನಿಂತ. ಬೆರಿಲ್ ಹತ್ತು ಒದ್ದೆ ಹಾಳೆಗಳನ್ನು ಒಟ್ಟು ಮಾಡಿ ವೇದಿಕೆ ಹತ್ತಿದಳು.

"ಎರಡನೇ ಸ್ಥಾನ, ಡಾರೆನ್ ಕಾಲ್ವರ್ಟ್. ಬರೀ ಎರಡು ತಪ್ಪು."

ಎಲ್ಲರ ಕತ್ತೂ ಡಾರೆನ್ ಕಡೆ ತಿರುಗಿತು. ನಮ್ಮ ಕ್ಲಬ್ಬಿನಲ್ಲಿ ಅವನು ಐದು ವರ್ಷದಿಂದ ಸೋತವನಲ್ಲ.

"ಮೊದಲನೇ ಸ್ಥಾನ..." ಬೆರಿಲ್ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು. "ಹತ್ತು ಘಟ್ಟ, ಸೊನ್ನೆ ತಪ್ಪು. ನಮ್ಮ ಕ್ಲಬ್ಬಿನ ಚರಿತ್ರೆಯಲ್ಲೇ ಇಂಥದ್ದು ಆಗಿಲ್ಲ. ಎಡ್ಗರ್ ಸಂಟರ್!"

ಚಪ್ಪಾಳೆಗೆ ಸೂರಿನ ಧೂಳು ಪೈಗಳ ಮೇಲೆ ಬಿತ್ತು. "ಬೆರಿಲ್, ಲೆಕ್ಕ ತಪ್ಪಿದೆ..." ಎಂದು ಎಡ್ಗರ್ ಮುಂದೆ ನುಗ್ಗಿದ. ಟಾಟ್ ಅವನ ತೋಳು ಹಿಡಿದೆಳೆದು ಕಿವಿಗೆ ಬಾಯಿಟ್ಟ.

"ಸುಮ್ನಿರು ಮಾರಾಯ. ನಿನ್ನ ಬೈಕು ಹೋಗುತ್ತಲ್ಲ ಅಂತ ನಾನೊಬ್ಬ ಸೊನ್ನೆ ಬರೆದೆ, ಯಾರಿಗೂ ಹೇಳ್ಬೇಡ. ಆದ್ರೆ ಮಿಕ್ಕಿದ ಒಂಬತ್ತು! ಅದು ಹೆಂಗೆ ದಾಟಿದ್ಯೋ, ಹುಲಿ ಕಣೋ ನೀನು!"

ಎರಡು ಹೆಜ್ಜೆ ಮುಂದೆ ಪಾದ್ರಿಗಳು. "ಒಂದು ಸಣ್ಣ ಪಾಪ ಮಾಡಿದೆ ಎಡ್ಗರ್. ಉಳಿದ ಒಂಬತ್ತು ಜನ ಕಟ್ಟುನಿಟ್ಟಿನವರು ಅಂತ ಧೈರ್ಯ. ಆ ಒಂಬತ್ತನ್ನೂ ಹೀಗೆ ದಾಟ್ತೀಯ ಅಂತ ನಾನು ನಂಬಿರಲಿಲ್ಲ, ದೇವರು ನನ್ನನ್ನು ಕ್ಷಮಿಸಲಿ."

ಮಿಸ್ ಪೀಕಾಕ್ ಅವನ ಕಿವಿ ಹಿಡಿದು ಬಗ್ಗಿಸಿದರು. "ನನ್ನ ಜೀವಮಾನದಲ್ಲಿ ಒಂದೇ ಸಲ ತಪ್ಪು ಬರೆದಿದ್ದೇನೆ. ಉಳಿದದ್ದು ನಿನ್ನದೇ ಶ್ರಮ. ಶಹಬ್ಬಾಸ್."

ವೇದಿಕೆಗೆ ಹೋಗುವಷ್ಟರಲ್ಲಿ ಒಂಬತ್ತು ಜನ ಒಂಬತ್ತು ಗುಟ್ಟು ಹೇಳಿ ಮುಗಿಸಿದ್ದರು. ಕೊನೆಗೆ ಮೇವಿಸ್ ಬಂದು ಎಲ್ಲರೆದುರಿಗೇ ಅವನನ್ನು ತಬ್ಬಿಕೊಂಡಳು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಹಾಗೆ ತಬ್ಬಿಕೊಂಡದ್ದು ಇದೇ ಮೊದಲು.

"ನನ್ನ ಮೇಲೆ ಬೇಜಾರು ಮಾಡ್ಕೋಬೇಡ ಎಡ್ಗರ್" ಎಂದು ಪಿಸುಗುಟ್ಟಿದಳು. "ನೀನು ಬಿದ್ದೆ, ನಾನು ಸೊನ್ನೆ ಬರೆದೆ. ಆ ಮುಖ ನೋಡಿ ಐದು ಬರೆಯೋಕೆ ಕೈ ಬರಲಿಲ್ಲ. ಆದ್ರೆ ಒಂಬತ್ತು ಘಟ್ಟ ಕಣೋ! ಆರು ತಿಂಗಳು ನಿನ್ನನ್ನ ಸುಮ್ಮಸುಮ್ಮನೆ ಬೈದೆ." ಅವಳ ಕಣ್ಣು ಒದ್ದೆಯಾಗಿತ್ತು.

ಎಡ್ಗರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ ಒಬ್ಬ ಪಾದ್ರಿ, ಒಬ್ಬರು ಟೀಚರು, ಸ್ವಂತ ಹೆಂಡತಿಯೂ ಸೇರಿ ಊರಿನ ಹತ್ತು ಗಣ್ಯರು ಒಂದೇ ಏಟಿಗೆ ಸುಳ್ಳರಾಗುತ್ತಾರೆ. ಬೈಕೂ ಹೋಗುತ್ತದೆ. ಕೈಯೊಡ್ಡಿ, ಬೆರಿಲ್ ನೀಡಿದ ಬಹುಮಾನದ ಬಟ್ಟಲು ತೆಗೆದುಕೊಂಡ.

"ಇನ್ನೊಂದು ವಿಷಯ" ಎಂದಳು ಬೆರಿಲ್. "ನಿಯಮದ ಪ್ರಕಾರ ಇವತ್ತು ಗೆದ್ದವರು ಮುಂದಿನ ಭಾನುವಾರ ದೊಡ್ಡ ಟ್ರಯಲ್ಲಿಗೆ ನಮ್ಮ ಕ್ಲಬ್ಬಿನ ಪರವಾಗಿ ಹೋಗಬೇಕು. ಅಲ್ಲಿ ಪಳಗಿದವರ ದಾರಿ. ಜಲಪಾತದ ಬುಡದಿಂದ ನೆತ್ತಿಗೆ ಹತ್ತಿಸಬೇಕಂತೆ. ಕಳೆದ ವರ್ಷ ಡಾರೆನ್ ಹೋಗಿದ್ದ."

"ಇನ್ನೂ ಊರುಗೋಲು ವಾಪಸ್ ಕೊಟ್ಟಿಲ್ಲ" ಎಂದ ಡಾರೆನ್, ತುಂಬ ಸಮಾಧಾನದ ಮುಖ ಮಾಡಿ.

"ನನಗೆ ಮಂಡಿನೋವು..." ಎಡ್ಗರ್ ಶುರುಮಾಡಿದ.

"ಹೋಗ್ತಾನೆ!" ಎಂದಳು ಮೇವಿಸ್. "ಒಂಬತ್ತು ಘಟ್ಟ ದಾಟಿದೋನಿಗೆ ಜಲಪಾತ ಯಾವ ಲೆಕ್ಕ? ಹೋಗದಿದ್ರೆ ಗಾಡಿ ರೋಲಂಡನಿಗೆ!" ಟಾಟ್ ಸಿಳ್ಳೆ ಹಾಕಿದ. ಪಾದ್ರಿಗಳು ಮೇಜು ಗುದ್ದಿದರು. ಹತ್ತೂ ತೀರ್ಪುಗಾರರು ಎದ್ದು ನಿಂತು ಹುಯಿಲೆಬ್ಬಿಸಿದರು. ಅವರೆಲ್ಲರೂ ಮನಸಾರೆ ನಂಬಿದ್ದರು.

ಎಡ್ಗರ್ ವೇದಿಕೆಯ ಅಂಚಿಗೆ ಬಂದು, ಬೆರಿಲಳ ಕಿವಿಯ ಹತ್ತಿರ ಬಗ್ಗಿ ಕೇಳಿದ: "ಬೆರಿಲ್, ಒಂದೇ ಒಂದು ಪ್ರಶ್ನೆ. ಅಲ್ಲಿ ತೀರ್ಪುಗಾರರು ಯಾರು? ನಮ್ಮೋರು ಯಾರಾದ್ರೂ..."

"ನಮ್ಮೋರೆಲ್ಲಿಂದ ಬರ್ತಾರಯ್ಯ! ಗುಡ್ಡದಾಚೆ ಲ್ಯಾಂಕಷೈರಲ್ಲಿ ನಡೆಯೋದು. ಹತ್ತಕ್ಕೆ ಹತ್ತೂ ಲ್ಯಾಂಕಷೈರಿನೋರೇ" ಎಂದಳು ಬೆರಿಲ್. "ಯಾರ್ಕ್‌ಷೈರಿನೋರನ್ನ ಕಂಡ್ರೆ ಐನೂರು ವರ್ಷದ ಹಿಂದಿನ ಯುದ್ಧದಿಂದ ಅವರಿಗೆ ಮೈಯೆಲ್ಲ ಉರಿ. ಹೋದ್ಸಲ ಡಾರೆನ್ ಇನ್ನೂ ಹೆಲ್ಮೆಟ್ ಹಾಕ್ಕೊಳ್ತಿದ್ದ, ಅಷ್ಟರಲ್ಲೇ ಐದು ಬರ್ದು ಮುಗಿಸಿದ್ರು."