ಕಂಬಳದ ಮೈಕೂ ಗಂಟಲ ಸ್ನಾಯುಗಳೂ

ಮಣಿಪಾಲದಲ್ಲಿ ಸ್ವರ ಕೆಟ್ಟವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಗಂಟಲು ಸರಿಮಾಡಿಸಿಕೊಳ್ಳಲು ಬರುವವರು ದಿನಾ ನನ್ನ ತಲೆ ಕೆಡಿಸಿ ಹೋಗುತ್ತಾರೆ. ಅದರಲ್ಲೂ ಕಾರ್ಕಳದ ಕಡೆಯ ಈ ಒಬ್ಬ ಕಂಬಳದ ಉದ್ಘೋಷಕರು!

೧. ಬೊಬ್ಬೆ ಯಾರಿಗೆ?

ಅವರ ಸ್ವರ ಪೂರ್ತಿ ಒಡೆದಿತ್ತು. ಮುಂದಿನ ಕಂಬಳದೊಳಗೆ ಸರಿಯಾಗದಿದ್ದರೆ ಮೈಕ್ ಅವರ ಭಾವನ ಪಾಲು. ನಾನು ಎರಡು ಬೆರಳು ಎತ್ತಿ ಹಿಡಿದು ವಿವರಿಸಿದೆ. “ಇವು ಧ್ವನಿತಂತುಗಳು. ಉಸಿರೆಳೆಯುವಾಗ ಹಿಂದಿನ ಒಂದು ಜೊತೆ ಸ್ನಾಯು ಇವನ್ನು ಬಿಡಿಸುತ್ತದೆ. ಮಾತಾಡುವಾಗ ಬೇರೆ ಸ್ನಾಯುಗಳು ಕೂಡಿಸುತ್ತವೆ. ಮುಂಭಾಗದ ಸ್ನಾಯು ಎಳೆದು ಬಿಗಿ ಮಾಡಿದರೆ ಸ್ವರ ಏರುತ್ತದೆ. ನೀವು ಬೊಬ್ಬೆ ಹಾಕಿದರೆ ಎರಡೂ ತಂತು ಬಡಿದಾಡಿ ಬಾತುಕೊಳ್ಳುತ್ತವೆ. ಮೈಕ್ ಉಂಟಲ್ಲ, ಬೊಬ್ಬೆ ಎಂತಕ್ಕೆ?”

“ಮೈಕ್ ಜನರಿಗೆ ಮೇಡಂ. ಬೊಬ್ಬೆ ಕೋಣಗಳಿಗೆ.”

೨. ಮೌನವ್ರತ

ಒಂದು ವಾರ ಮಾತೇ ಆಡಬಾರದೆಂದು ಕಳಿಸಿದೆ. ಮರುದಿನವೇ ಫೋನ್. ಆ ಕಡೆಯಿಂದ ಪಿಸುದನಿ: “ಮೇಡಂ, ಮೌನ ಚೆನ್ನಾಗಿ ನಡೆಯುತ್ತಾ ಉಂಟು.”

“ಹಾಗಾದರೆ ಈಗ ಮಾತಾಡುತ್ತಿರುವುದು ಯಾರು?”

“ಇದು ಮಾತಲ್ಲ ಮೇಡಂ, ಗುಟ್ಟು.”

ನನಗೆ ಮೈಯೆಲ್ಲ ಉರಿಯಿತು. ಹಾಗೆ ಪಿಸುಗುಟ್ಟಿದರೆ ತಂತುಗಳು ಸರಿಯಾಗಿ ಕೂಡುವುದೂ ಇಲ್ಲ, ಬಿಡುವುದೂ ಇಲ್ಲ, ಸುತ್ತಲಿನ ಸ್ನಾಯುಗಳಿಗೆ ಸುಮ್ಮನೆ ಬಿಗಿತ ಎಂದು ರೇಗಿದೆ.

“ಹಾಗಾ ಮೇಡಂ? ಮೊದಲೇ ಹೇಳಬಾರದಿತ್ತಾ!” ಎಂದು ಅವರು ಬೊಬ್ಬೆಯೇ ಹಾಕಿದರು.

೩. ಕಂಬಳದ ದಿನ

ಆಮೇಲೆ ಮಾತ್ರ ನಿಜವಾಗಿಯೂ ಬಾಯಿ ಮುಚ್ಚಿ ಕೂತರು. ಸ್ವರ ತಿಳಿಯಾಯಿತು. ನಿಧಾನಕ್ಕೆ ಉಸಿರು ತೆಗೆದು ಮೆತ್ತಗೆ ಮಾತಾಡುವುದನ್ನೂ ಕಲಿಸಿದೆ. ನನ್ನ ಮಾತನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ಅದೇ ಎಡವಟ್ಟಾಯಿತು.

ಕಂಬಳಕ್ಕೆ ನಾನೂ ಹೋಗಿದ್ದೆ. ಅವರು ಮೈಕ್ ಹಿಡಿದು, ತಗ್ಗಿದ ದನಿಯಲ್ಲಿ, “ಮುಂದಿನ ಜೋಡಿ... ಗದ್ದೆಗೆ... ಇಳಿಯುತ್ತಿದೆ” ಎಂದರು. ಗದ್ದಲ ಗಪ್ಪೆಂದು ನಿಂತಿತು. ನನ್ನ ಪಕ್ಕದ ಅಜ್ಜ ಮುಂಡಾಸು ತೆಗೆದು, “ಯಾರು ಹೋದದ್ದು ಮಾರಾಯ್ರೆ?” ಎಂದು ಕೇಳಿದರು. ನಾಲ್ಕಾರು ಜನ ಎದ್ದು ಕೈಮುಗಿದರು. ಕೋಣ ಓಡಿಸುವವನೂ ಹಗ್ಗ ಹಿಡಿದುಕೊಂಡೇ ತಲೆ ತಗ್ಗಿಸಿದ. ಇದೇ ಸಮಯವೆಂದು ಭಾವ ವೇದಿಕೆ ಹತ್ತಿ ಮೈಕಿಗೆ ಕೈ ಹಾಕಿದ.

“ಯಾರೂ ಸತ್ತಿಲ್ಲ! ಕೋಣ ಬಿಡಿ ಮಾರಾಯ್ರೆ!” ಎಂದು ನಮ್ಮ ಉದ್ಘೋಷಕರು ಮೈಕ್ ಬಿಡದೆ ಕಿರುಚಿದರು.

ಆ ಬೊಬ್ಬೆಗೆ ಕೋಣಗಳು ಓಡಿದವು, ಜನ ಶಿಳ್ಳೆ ಹೊಡೆದರು, ಭಾವ ಕೆಳಗಿಳಿದ. ಸಂಜೆಯವರೆಗೂ ಅದೇ ಬೊಬ್ಬೆ. ನನ್ನ ಇಷ್ಟು ದಿನದ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಸೋಮವಾರ ಬೆಳಿಗ್ಗೆ ಹಲ್ಲು ಕಿರಿಯುತ್ತಾ ನನ್ನೆದುರು ಬಂದು ಕೂತರು. ಗಂಟಲಿನಿಂದ ಬರೀ ಗಾಳಿ.

“ಮೇಡಂ, ಮೈಕ್ ಉಳಿಯಿತು!”

“ಸ್ವರ?”

“ಅದು ನಿಮ್ಮ ಡ್ಯೂಟಿ ಅಲ್ವಾ?”